ಕೊಡದ ಭರವಸೆಯ ಖಂಡನೆ

ಎಲ್ಲ ಅನಾಹುತಕ್ಕೂ ಮೂಲ ಒಂದು ಐಸ್‌ಕ್ರೀಮು. ತಿಂದವನು ಎದುರು ಪಕ್ಷದ ನಾಯಕ ಗುಡುಗಪ್ಪ. ಶೀತ ಹತ್ತಿದ್ದು ಮಾತ್ರ ಖಂಡನೆರಾಯರ ನೌಕರಿಗೆ.

ಖಂಡನೆರಾಯರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಸಂಬಳದ ಚೀಟಿಯ ಹೊರತು ಅದು ಇನ್ನೆಲ್ಲೂ ಚಾಲ್ತಿಯಲ್ಲಿರಲಿಲ್ಲ. ಪಕ್ಷದ ಕಚೇರಿಯ ಹಿಂಭಾಗದ ಕೋಣೆಯಲ್ಲಿ, ಕೆಟ್ಟ ಮೈಕುಗಳ ಮತ್ತು ಸುತ್ತಿಟ್ಟ ಹಳೆಯ ಬ್ಯಾನರುಗಳ ನಡುವೆ ಕೂತು, ಗುಡುಗಪ್ಪ ಏನು ಹೇಳಿದರೂ ಅದನ್ನು ಖಂಡಿಸಿ ಹೇಳಿಕೆ ಬರೆಯುವುದು ಅವರ ಕೆಲಸ. ಗುಡುಗಪ್ಪ ರಸ್ತೆ ಮಾಡಿಸುತ್ತೇನೆಂದರೆ ‘ಅಂಗೈಯಲ್ಲಿ ಆಕಾಶ’ ಎಂದು ಬರೆಯಬೇಕು. ದೀಪ ಹಾಕಿಸುತ್ತೇನೆಂದರೆ ‘ಕನ್ನಡಿಯೊಳಗಿನ ಗಂಟು’. ಏನೂ ಮಾಡಿಸುವುದಿಲ್ಲವೆಂದರೆ ‘ಕೈಲಾಗದವರ ಮಾತು’.

ಖಂಡನೆಗೆ ಬಿಸಿ ಮುಖ್ಯ. ಭರವಸೆಯ ಬೆನ್ನಿಗೇ ಬಿದ್ದರೆ ಟಿ.ವಿ.ಯವರು ತೋರಿಸುತ್ತಾರೆ, ಮಧ್ಯಾಹ್ನದ ಮೇಲೆ ಬಂದರೆ ಅದನ್ನು ನಾಯಿಯೂ ಮೂಸುವುದಿಲ್ಲ. ಹಾಗಾಗಿ ಗುಡುಗಪ್ಪ ಬಾಯಿ ತೆರೆಯುವ ಮುಂಚೆಯೇ ಖಂಡನೆ ಬರೆದಿಟ್ಟುಕೊಳ್ಳುವುದು ಆ ಕಚೇರಿಯಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ರಾಯರು ಬರೆಯುತ್ತಿದ್ದುದು ಯಾವ ಕಾಲಿಗೂ ಹೊಂದುವ ರಬ್ಬರ್ ಚಪ್ಪಲಿಯಂಥ ಖಂಡನೆ. ‘ಜನರ ಮೊಣಕೈಗೆ ಬೆಲ್ಲ ಸವರುವ ಮಾತು’ ಎಂಬುದನ್ನು ಯಾವ ಭರವಸೆಗೆ ಬೇಕಾದರೂ ತೊಡಿಸಬಹುದಿತ್ತು.

ಹಿಂದಿನ ದಿನ ಸಂಜೆ ಪಕ್ಷದ ಅಧ್ಯಕ್ಷರು ಆ ಚಪ್ಪಲಿಯನ್ನೇ ತಿರುಗಿಸಿ ಅವರ ಮುಖಕ್ಕೆ ಎಸೆದಿದ್ದರು.

“ಯಾವಾಗ್ಲೂ ಮೊಣಕೈ, ಬೆಲ್ಲ, ಬೆಲ್ಲ, ಮೊಣಕೈ! ಕೇಳಿ ಕೇಳಿ ಜನಕ್ಕೆ ಸಕ್ಕರೆ ಕಾಯಿಲೆ ಬಂದಿದೆ ಕಣಯ್ಯ. ನಾಳೆ ಬೆಳಿಗ್ಗೆ ಗುಡುಗಪ್ಪ ನಗರಸಭೆ ಚುನಾವಣೆಗೆ ಭರವಸೆ ಘೋಷಣೆ ಮಾಡ್ತಾನೆ. ಒಂದೊಂದನ್ನೂ ಹೆಸರು ಹಿಡಿದು ಜಾಡಿಸ್ಬೇಕು. ವಿವರ ಬೇಕು, ವಿವರ!”

“ಅವರು ಏನು ಹೇಳ್ತಾರೆ ಅಂತ ಮೊದಲೇ ಹೇಗೆ ಗೊತ್ತಾಗುತ್ತೆ, ಸಾರ್?”

“ಅದೂ ನಾನೇ ಹೇಳಿಕೊಡ್ಬೇಕಾ? ಊಹೆ ಮಾಡು. ಸಪ್ಪೆ ಆಯ್ತೋ, ತಡ ಆಯ್ತೋ, ನಾಡಿದ್ದಿಂದ ನೀನು ಪೋಸ್ಟರ್ ಅಂಟಿಸೋ ಗುಂಪಿಗೆ. ಅಂಟಿನ ಬಕೀಟು ಖಾಲಿನೇ ಇದೆ.”

ಆ ಬಕೀಟಿನ ನೆನಪೇ ಸಾಕು, ರಾಯರ ಅಂಗೈ ಜಿಗುಟಾಗುತ್ತಿತ್ತು. ಅವರು ಪಕ್ಷದಲ್ಲಿ ಮೊದಲು ಹಿಡಿದದ್ದೇ ಅದನ್ನು. ಒಮ್ಮೆ ಗೋಡೆಗೆ ಪೋಸ್ಟರಿನ ಜೊತೆ ತಮ್ಮ ಅಂಗಿಯ ತೋಳನ್ನೂ ಅಂಟಿಸಿಕೊಂಡು, ಬೀದಿನಾಯಿಗಳ ಎದುರು ತೋಳು ಬಿಟ್ಟು ಓಡಿಬಂದವರು. ಅಲ್ಲಿಂದ ಮೇಜು ಕುರ್ಚಿಯ ತನಕ ಏರಲು ಅರ್ಧ ಆಯುಸ್ಸು ಸವೆದಿತ್ತು.

ಬೆಳಿಗ್ಗೆ ತಿಂಡಿಗೆ ಕೂತಾಗಲೂ ಅವರ ತಲೆಯಲ್ಲಿ ಒಂದು ಭರವಸೆಯೂ ಮೊಳೆತಿರಲಿಲ್ಲ. ಎದುರಿಗೆ ಹೆಂಡತಿ, ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡು, ಯಾರದೋ ಪ್ಯಾಂಟಿನ ಅಂಚು ಮಡಚುತ್ತಿದ್ದಳು. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಇಡೀ ಕಟ್ಟಡದ ಪರದೆ, ಪ್ಯಾಂಟು, ದಿಂಬಿನ ಚೀಲಗಳನ್ನು ಹೊಲಿಯುವವಳು. ಹೊಲಿಯುವಾಗ ಅವಳ ಬಾಯಿಗೂ ಯಂತ್ರದ ವೇಗ ಬರುತ್ತಿತ್ತು.

“ರೀ, ಇವತ್ತೂ ಕೋಳಿ ಕೂಗೋ ಮುಂಚೆ ನೀರು ಬಂದು ಹೋಗಿದೆ. ನಲ್ಲಿ ಕಾಯೋಕೆ ಒಬ್ಬ ಕಾವಲುಗಾರ ಬೇಕು. ಹಗಲು ಹೊತ್ತಲ್ಲಿ ನೀರು ಬಿಟ್ರೆ ಅದಕ್ಕೇನು ನಾಚಿಕೆಯಾ?”

“ನೋಡೋಣ.”

“ಲಿಫ್ಟ್ ಕೆಟ್ಟು ಯಾವ ಕಾಲ ಆಯ್ತು! ಅಮ್ಮ ಕೆಳಗಿಳಿದು ಗಾಳಿ ಕುಡಿದು ಯಾವ ಕಾಲ ಆಯ್ತು! ಒಂದು ದಿನದೊಳಗೆ ಸರಿ ಮಾಡ್ಸದೇ ಇರೋ ಅಧಿಕಾರಿ ಇದ್ದಾನಲ್ಲ, ಅವನು ದಿನಾ ನೀರಿನ ಕ್ಯಾನ್ ಹೊತ್ಕೊಂಡು ಆ ಕಟ್ಟಡದ ಮೆಟ್ಟಿಲು ಹತ್ಬೇಕು. ಹಾಗೊಂದು ಕಾನೂನು ಬರ್ಬೇಕು.”

“ಅದಕ್ಕೆಲ್ಲ ದುಡ್ಡೆಲ್ಲಿಂದ ಬರುತ್ತೆ?”

“ಅವನು ಮೆಟ್ಟಿಲು ಹತ್ತೋಕೆ ಯಾಕ್ರೀ ದುಡ್ಡು?”

ಕಿಟಕಿ ಬಳಿಯ ಕುರ್ಚಿಯಲ್ಲಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಅತ್ತೆ ನಡುವೆ ಬಾಯಿ ಹಾಕಿದರು. “ಬಿಡೇ ಮಗಳೇ. ಅಳಿಯಂದಿರು ಉತ್ತರ ಮೊದಲೇ ಬರೆದಿಟ್ಕೊಂಡಿರ್ತಾರೆ. ನೀನು ಪ್ರಶ್ನೆ ಕೇಳಿದ್ರೂ ಅದೇ, ಕೇಳದೇ ಇದ್ರೂ ಅದೇ.”

“ಕೊನೇದಾಗಿ ಹೇಳ್ತೀನಿ. ವಾರಕ್ಕೊಂದು ದಿನ ಅಡುಗೆಮನೆಗೆ ರಜೆ. ಊರಿಗೆಲ್ಲ ರಜೆ ಇದೆ, ಪೋಸ್ಟಾಫೀಸಿಗೂ ಇದೆ. ಒಲೆಗೆ ಮಾತ್ರ ಇಲ್ಲ. ಆ ದಿನ ಗಂಡಸರು ಬೇಯಿಸ್ಲಿ.”

“ಹಾಗಾದ್ರೆ ಆ ದಿನ ಜನ ಗಾಳಿ ತಿನ್ಬೇಕಾ?” ಎಂದರು ರಾಯರು. ಎಂದವರು ತುತ್ತು ಕೈಯಲ್ಲೇ ಹಿಡಿದು ಹಾಗೇ ಕೂತುಬಿಟ್ಟರು.

ಇಷ್ಟು ವರ್ಷ ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದಿದ್ದರು! ಭರವಸೆಗಳು ಎದುರಿಗೇ ಇದ್ದವು. ಅವಕ್ಕೆ ಖಂಡನೆಯೂ ಬಾಯಲ್ಲೇ ಇತ್ತು. ತಟ್ಟೆಯನ್ನು ಅರ್ಧಕ್ಕೇ ಬಿಟ್ಟು, ಹೆಂಡತಿಗೆ “ನೀನು ದೇವತೆ ಕಣೇ” ಎಂದು ಹೇಳಿ, ಮೆಟ್ಟಿಲು ಇಳಿದು ಓಡಿದರು. ಅವಳು ಸೂಜಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ, “ಅಮ್ಮಾ, ಇವರಿಗೆ ಜ್ವರವಾ?” ಎಂದಳು.

ಕಚೇರಿ ಮುಟ್ಟುವಷ್ಟರಲ್ಲಿ ಬಸ್ಸಿನಲ್ಲೇ ಖಂಡನೆ ಸಿದ್ಧವಾಗಿತ್ತು. ಹಾಗೆ ಕುಲುಕಾಡುತ್ತಾ ಬರೆದದ್ದರಿಂದಲೋ ಏನೋ ಅದಕ್ಕೊಂದು ಆವೇಶವೂ ಬಂದಿತ್ತು. ಓದಬೇಕಾದವರು ಪಕ್ಷದ ವಕ್ತಾರರು. ಕಂಚಿನ ಕಂಠ. ಅಂಗಡಿ ಚೀಟಿ ಕೊಟ್ಟರೂ ಕೇಳುವವರಿಗೆ ರೋಮಾಂಚನವಾಗುವಂತೆ ಓದುವವರು. ಓದುವುದರ ಅರ್ಥವೇನೆಂದು ತಲೆ ಕೆಡಿಸಿಕೊಂಡವರಲ್ಲ. ಅದು ಕೇಳುವವರ ಕೆಲಸವೆಂದು ಅವರ ನಂಬಿಕೆ.

ಗುಡುಗಪ್ಪನ ಸಭೆಯ ಹೊತ್ತು ಆಗಿಹೋಗಿತ್ತು. ಅವನು ಹೊತ್ತಿಗೆ ಸರಿಯಾಗಿ ಗುಡುಗುವವನೆಂದು ಊರಿಗೇ ಗೊತ್ತು. ಕ್ಯಾಮೆರಾದವರು ಬಂದು ನಿಂತಿದ್ದರು. ಸದ್ದಾಗಬಾರದೆಂದು ಕಚೇರಿಯ ಟಿ.ವಿ. ಆರಿಸಲಾಯಿತು. ವಕ್ತಾರರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

“ಹಗಲಿನಲ್ಲೇ ನಲ್ಲಿ ನೀರು ಕೊಡುತ್ತಾರಂತೆ. ನೋಡೋಣ! ಲಿಫ್ಟ್ ಸರಿಮಾಡಿಸದ ಅಧಿಕಾರಿಯ ತಲೆಯ ಮೇಲೆ ನೀರಿನ ಕ್ಯಾನ್ ಹೊರಿಸುತ್ತಾರಂತೆ. ಇದಕ್ಕೆ ದುಡ್ಡೆಲ್ಲಿಂದ ಬರುತ್ತದೆ? ಇನ್ನು ವಾರಕ್ಕೊಂದು ದಿನ ಅಡುಗೆಮನೆಗೆ ರಜೆಯಂತೆ, ಗಂಡಸರೇ ಬೇಯಿಸಬೇಕಂತೆ. ಹಾಗಾದರೆ ಆ ದಿನ ಈ ಊರಿನ ಜನ ಗಾಳಿ ತಿನ್ನಬೇಕೆ?”

ಅಧ್ಯಕ್ಷರು ರಾಯರ ಬೆನ್ನು ತಟ್ಟಿದರು. “ಇದಪ್ಪಾ ಖಂಡನೆ! ಖಾರ ಇದೆ, ಉಪ್ಪು ಇದೆ.”

ಆ ತಟ್ಟಿದ ಕೈ ಬೆನ್ನಿನ ಮೇಲಿಂದ ಇಳಿಯುವ ಮುಂಚೆಯೇ ಟಿ.ವಿ. ಮತ್ತೆ ಹಾಕಿದರು. ಗುಡುಗಪ್ಪನ ವೇದಿಕೆ ಖಾಲಿ ಹೊಡೆಯುತ್ತಿತ್ತು. ಕೆಳಗೆ ಅಕ್ಷರಗಳು ಓಡುತ್ತಿದ್ದವು: ರಾತ್ರಿ ತಿಂದ ಐಸ್‌ಕ್ರೀಮಿನಿಂದ ನಾಯಕರ ಗಂಟಲು ಕಟ್ಟಿದೆ, ಸಭೆ ಸಂಜೆಗೆ ಮುಂದೂಡಲಾಗಿದೆ.

ವಕ್ತಾರರು ಓದಿದ ಹಾಳೆಯನ್ನು ಮಡಚಿ ರಾಯರ ಜೇಬಿಗೆ ತುರುಕಿದರು.

“ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದವರನ್ನ ಕೇಳಿದ್ದೆ,” ಎಂದರು ಅಧ್ಯಕ್ಷರು ಮೆತ್ತಗೆ. ಅವರು ಮೆತ್ತಗೆ ಮಾತಾಡಿದರೆ ಅಪಾಯ ಹತ್ತಿರವಿದೆಯೆಂದು ಅರ್ಥ. “ಹುಟ್ಟೋ ಮುಂಚೆ ಕೂಸಿಗೆ ಬೈದವನನ್ನ ಇವತ್ತೇ ನೋಡಿದ್ದು.”

ತಾಸು ಕಳೆಯುವಷ್ಟರಲ್ಲಿ ಕಚೇರಿಯ ಎದುರಿನ ಇಸ್ತ್ರಿಯವನು ಅಧ್ಯಕ್ಷರ ಬಿಳಿ ಅಂಗಿಗಳನ್ನು ಹಿಡಿದು ಒಳಬಂದ. ಮುಖ ಇಸ್ತ್ರಿ ಕಾಣದ ಬಟ್ಟೆಯ ಹಾಗಿತ್ತು.

“ಏನ್ ಸಾರ್ ಇದು? ಗುಡುಗಪ್ಪ ಇನ್ನೂ ಗೆದ್ದೇ ಇಲ್ಲ, ನನ್ನ ಹೆಂಡ್ತಿ ಇವತ್ತೇ ಜಾರಿ ಮಾಡಿಬಿಟ್ಲು. ಮಧ್ಯಾಹ್ನದ ಡಬ್ಬಿ ಕಳ್ಸಿದ್ಲು, ತೆಗೆದು ನೋಡಿದ್ರೆ ಖಾಲಿ. ‘ಗಾಳಿ ತಿನ್ನು’ ಅಂತ ಹೇಳಿ ಕಳ್ಸಿದಾಳೆ.”

“ಅವನು ಹಾಗೆ ಭರವಸೆ ಕೊಟ್ಟೇ ಇಲ್ಲ ಕಣೋ!” ಎಂದರು ಅಧ್ಯಕ್ಷರು.

“ನೀವೇ ತಾನೆ ಸಾರ್ ಟಿ.ವಿ.ಯಲ್ಲಿ ಬೈದಿದ್ದು? ಕೊಡದೇ ಇದ್ದಿದ್ದನ್ನ ಯಾರಾದ್ರೂ ಬೈತಾರಾ?”

ಉತ್ತರವಿಲ್ಲದಾಗ ಅಧ್ಯಕ್ಷರು ಹೇಳಿಕೆ ಕೊಡುತ್ತಿದ್ದರು. ರಾಯರು ಗಡಿಬಿಡಿಯಲ್ಲಿ ಇನ್ನೊಂದು ಬರೆದರು, ವಕ್ತಾರರು ಅದೇ ರೋಮಾಂಚನದಿಂದ ಓದಿದರು: “ಅಡುಗೆಮನೆಗೆ ರಜೆ ಇಲ್ಲ! ಹಗಲು ನೀರೂ ಇಲ್ಲ! ಲಿಫ್ಟೂ ಇಲ್ಲ! ಗುಡುಗಪ್ಪ ಇದ್ಯಾವುದನ್ನೂ ಕೊಡುವುದಿಲ್ಲ!”

ಇಲಿ ಹೋಗಿ ಹುಲಿ ಬಂತು. ಈ ಪಕ್ಷದವರ ಕಾಟ ತಾಳಲಾರದೆ ಗುಡುಗಪ್ಪ ರಜೆಯನ್ನು ಹಿಂದಕ್ಕೆ ತೆಗೆದುಕೊಂಡನೆಂದು ಊರು ನಂಬಿತು. ಮಧ್ಯಾಹ್ನದ ಹೊತ್ತಿಗೆ ಕಚೇರಿಯ ಮುಂದೆ ಸೌಟು ಹಿಡಿದ ಹೆಂಗಸರ ದಂಡು ನೆರೆದಿತ್ತು. ತಟ್ಟೆ ಬಡಿಯುತ್ತಾ, “ನಮ್ಮ ರಜೆ ಕಿತ್ಕೊಂಡೋರು ಯಾರು? ಹೊರಗೆ ಬನ್ನಿ!” ಎಂದು ಕೂಗುತ್ತಿದ್ದರು.

“ಹೋಗಿ ಸಮಾಧಾನ ಮಾಡು,” ಎಂದು ಅಧ್ಯಕ್ಷರು ರಾಯರನ್ನು ಬಾಗಿಲಾಚೆ ತಳ್ಳಿ ಚಿಲಕ ಹಾಕಿಕೊಂಡರು.

ರಾಯರು ಕೈ ಮುಗಿದರು. “ತಾಯಂದಿರೇ, ಸ್ವಲ್ಪ ತಾಳ್ಮೆ...”

“ನೀವು ಮನೇಲಿ ಅಡುಗೆ ಮಾಡ್ತೀರಾ?” ಎಂದಳು ಮುಂದಿನ ಸಾಲಿನ ದಪ್ಪ ಸೌಟಿನಾಕೆ.

“ನೋಡೋಣ,” ಎಂದುಬಿಟ್ಟರು ರಾಯರು, ಅಭ್ಯಾಸಬಲದಿಂದ.

ಅವರು ಹಿಂದಿನ ಗೋಡೆ ಹತ್ತಿ ಕಿಟಕಿಯಿಂದ ಒಳಗೆ ಬಿದ್ದಾಗ ಅಂಗಿಯ ಒಂದು ಜೇಬು ಹೊರಗೇ ಉಳಿದಿತ್ತು. ಇನ್ನೊಂದು ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಹೆಂಡತಿ.

“ರೀ, ಆ ನಲ್ಲಿ ಮಾತು ನನ್ದು.”

“ಅದು... ಹೇಗೋ ಹಾಗೆ ಕೂಡಿ ಬಂದಿದೆ ಅಷ್ಟೇ ಕಣೇ.”

“ಅಧಿಕಾರಿ ನೀರಿನ ಕ್ಯಾನ್ ಹೊರೋದೂ ಕೂಡಿ ಬಂತಾ? ನನ್ನ ಮಾತನ್ನ ಆ ಗುಡುಗಪ್ಪನ ಬಾಯಿಗೆ ಹಾಕಿ, ಆಮೇಲೆ ಊರೆದುರಿಗೆ ನೀವೇ ಬೈಸ್ತೀರಾ? ಮನೇಲಿ ಬೈದಿದ್ದು ಸಾಲ್ದಾ?”

“ನಿನಗೆ ಬೈದಿದ್ದಲ್ಲವೇ, ಭರವಸೆಗೆ...”

“ಸರಿ. ಸಂಜೆ ಸಿಗ್ತೀನಿ.” ಫೋನು ಕಟ್ಟಾಯಿತು. ಅಷ್ಟು ಚಿಕ್ಕದಾಗಿ ಅವಳು ಮಾತು ಮುಗಿಸಿದ್ದು ಮದುವೆಯಾದಂದಿನಿಂದ ಅದೇ ಮೊದಲು. ರಾಯರಿಗೆ ಸೌಟುಗಳೇ ವಾಸಿ ಅನ್ನಿಸಿತು.

ಅಧ್ಯಕ್ಷರು ತೀರ್ಪು ಕೊಟ್ಟರು. “ಸಂಜೆ ಗುಡುಗಪ್ಪನ ಸಭೆಗೆ ನೀನೇ ಹೋಗು. ನೀನು ಖಂಡಿಸಿದ ಭರವಸೆಗಳನ್ನ ಅವನು ಕೊಟ್ನೋ, ನೀನು ಬದುಕಿದೆ. ‘ಮೊದಲೇ ಗೊತ್ತಿತ್ತು, ಅದಕ್ಕೇ ಖಂಡಿಸಿದ್ವಿ’ ಅಂತ ನಾವು ಎದೆ ತಟ್ಕೋಬಹುದು. ಕೊಡ್ಲಿಲ್ವೋ, ಬಕೀಟು ಅಲ್ಲೇ ಮೂಲೇಲಿದೆ, ಹೋಗ್ತಾ ತಗೊಂಡು ಹೋಗು.”

ಹೀಗೆ ವರ್ಷಗಟ್ಟಲೆ ಗುಡುಗಪ್ಪನ ಭರವಸೆಗಳನ್ನು ಹೊಸಕಿ ಹಾಕಿದ ಖಂಡನೆರಾಯರು, ಗುಡುಗಪ್ಪ ಭರವಸೆ ಕೊಡಲಿ ಎಂದು ಕಂಡ ಕಂಡ ದೇವರಿಗೆ ಮೊರೆಯಿಡುತ್ತಾ ಸಭೆಗೆ ಹೊರಟರು.

ಮೈದಾನ ತುಂಬಿತ್ತು. ಗುರುತು ಸಿಗದಿರಲೆಂದು ಕರವಸ್ತ್ರ ಮುಖಕ್ಕೆ ಕಟ್ಟಿಕೊಂಡು ರಾಯರು ನಡುವೆ ನುಸುಳಿದರು. ಅವರ ಕೈ ಖಾಲಿಯಿರುವುದನ್ನು ಕಂಡ ಕಾರ್ಯಕರ್ತನೊಬ್ಬ ಗುಡುಗಪ್ಪನ ಬಾವುಟ ತುರುಕಿದ. “ಯಾಕಣ್ಣ ಸುಮ್ನೆ ನಿಂತಿದೀಯ? ಬೀಸು!” ರಾಯರು ಬೀಸಿದರು. ಬೀಸದಿದ್ದರೆ ಅನುಮಾನ ಬರುತ್ತದಲ್ಲ.

ಗುಡುಗಪ್ಪ ವೇದಿಕೆ ಏರಿದ. ಕುತ್ತಿಗೆಗೆ ಉಣ್ಣೆಯ ಶಾಲು. ಮೈಕಿನ ಮುಂದೆ ನಿಂತು ಬಾಯಿ ತೆರೆದರೆ ಪಂಕ್ಚರಾದ ಸೈಕಲ್ ಟ್ಯೂಬಿನಿಂದ ಹೊರಟಂಥ ಗಾಳಿ ಬಂತೇ ಹೊರತು ಮಾತು ಬರಲಿಲ್ಲ. ಇನ್ನೊಮ್ಮೆ ತೆರೆದ, ಇನ್ನಷ್ಟು ಗಾಳಿ. ಇವನು ಭರವಸೆ ಕೊಡದೆ ಹೀಗೇ ಕೆಳಗಿಳಿದರೆ? ರಾಯರ ಮೂಗಿಗೆ ಅಂಟಿನ ವಾಸನೆ ಬಡಿದ ಹಾಗಾಯಿತು. ತಡೆಯಲಾರದೆ, ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಕೂಗಿದರು:

“ಅಡುಗೆಮನೆಗೆ ರಜೆ ಕೊಡಿ!”

ಎಲ್ಲಿಂದಲೋ ಹೆಂಗಸೊಬ್ಬಳು, “ಕೊಡಿ!” ಎಂದಳು. ಮರುಕ್ಷಣ ಇಡೀ ಮೈದಾನ “ರಜೆ ಕೊಡಿ! ರಜೆ ಕೊಡಿ!” ಎಂದು ಕುಣಿಯತೊಡಗಿತು. ನಡುವೆ ರಾಯರು ಬಾವುಟ ಬೀಸುತ್ತಾ ಎಲ್ಲರಿಗಿಂತ ಎತ್ತರ ನೆಗೆಯುತ್ತಿದ್ದರು.

ಗುಡುಗಪ್ಪನ ಸಹಾಯಕ ಮೈಕು ಹಿಡಿದ. “ನಾಯಕರ ಗಂಟಲು ಕಟ್ಟಿದೆ, ಮನಸ್ಸು ಕಟ್ಟಿಲ್ಲ! ನಾವು ಏನು ಭರವಸೆ ಕೊಡ್ಬೇಕು ಅಂತ ಎದುರು ಪಕ್ಷದವರೇ ಬೆಳಿಗ್ಗೆ ಊರಿಗೆಲ್ಲ ಸಾರಿದ್ರು. ಅವರ ಉಪಕಾರ ಮರೆಯೋ ಹಾಗಿಲ್ಲ. ಮಧ್ಯಾಹ್ನ ಒಬ್ಬರು ಅಕ್ಕ, ತಮ್ಮ ಕಟ್ಟಡದ ಹೆಂಗಸರನ್ನೆಲ್ಲ ಕರ್ಕೊಂಡು ನಾಯಕರಿಗೆ ಧನ್ಯವಾದ ಹೇಳೋಕೆ ಬಂದ್ರು. ಅವರು ಬಿಡಿಸಿ ಹೇಳಿದ ಮೇಲೇ ನಾಯಕರಿಗೂ ತಮ್ಮ ಭರವಸೆಗಳು ಪೂರ್ತಿ ಅರ್ಥ ಆಗಿದ್ದು! ಅವರೇ ಈಗ ಮಾತಾಡ್ತಾರೆ. ಈ ವಾರ್ಡಿಗೆ ನಮ್ಮ ಅಭ್ಯರ್ಥಿಯೂ ಅವರೇ!”

ವೇದಿಕೆಯ ಮೆಟ್ಟಿಲು ಹತ್ತಿ ಬಂದ ಅಕ್ಕನ ಕುತ್ತಿಗೆಯಲ್ಲಿ ಅಳತೆ ಟೇಪು ಇತ್ತು.

ಮೇಲಕ್ಕೆ ನೆಗೆದಿದ್ದ ರಾಯರು ಕೆಳಗೆ ಬರಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಮುಂದಿನ ಸಾಲಿನಲ್ಲಿ ಅತ್ತೆ ಕೂತಿದ್ದರು, ಮನೆಯ ಕಿಟಕಿ ಬಳಿಯ ಅದೇ ಕುರ್ಚಿಯಲ್ಲಿ. ಕಾರ್ಯಕರ್ತರು ಕುರ್ಚಿ ಸಮೇತ ಹೊತ್ತು ಮೆಟ್ಟಿಲು ಇಳಿಸಿ ತಂದಿದ್ದರು. ಸಂಜೆಯ ಗಾಳಿಗೆ ಮುಖವೊಡ್ಡಿ ಅವರು ಹೊಸ ಮದುವಣಗಿತ್ತಿಯ ಹಾಗೆ ನಗುತ್ತಿದ್ದರು.

“ನನಗೆ ಭಾಷಣ ಬರಲ್ಲ,” ಎಂದು ಶುರುಮಾಡಿದ ಹೆಂಡತಿ ಆಮೇಲೆ ನಿಲ್ಲಿಸಲೇ ಇಲ್ಲ. ಹಗಲು ನೀರು ಬಂತು, ಲಿಫ್ಟು ಬಂತು, ಕ್ಯಾನ್ ಹೊತ್ತ ಅಧಿಕಾರಿ ಬಂದ, ಅಡುಗೆಮನೆಯ ರಜೆ ಬಂತು. ಒಂದೂ ತಪ್ಪಲಿಲ್ಲ, ಒಂದಕ್ಷರ ಬದಲಾಗಲಿಲ್ಲ. “ಜೊತೆಗೆ, ‘ನೋಡೋಣ’ ಅನ್ನೋ ಮಾತನ್ನ ಎಲ್ಲ ಕಚೇರಿಗಳಲ್ಲೂ ನಿಲ್ಲಿಸ್ತೀವಿ!” ಮೈದಾನ ಹುಚ್ಚೆದ್ದು ಚಪ್ಪಾಳೆ ಹೊಡೆಯಿತು.

ಆಮೇಲೆ ಅವಳ ದನಿ ಕೊಂಚ ಇಳಿಯಿತು. “ಇದನ್ನೆಲ್ಲ ನಾನು ನಮ್ಮನೆಯವರಿಗೆ ವರ್ಷಗಟ್ಟಲೆ ಹೇಳಿದೀನಿ. ಗೋಡೆಗೆ ಹೇಳಿದ ಹಾಗೆ ಅಂದ್ಕೊಂಡಿದ್ದೆ. ಇವತ್ತು ಗೊತ್ತಾಯ್ತು, ಒಂದು ಮಾತೂ ಬಿಡದೆ ಕೇಳಿಸ್ಕೊಂಡಿದ್ರು. ಆದ್ರೆ ಏನು ಮಾಡೋದು, ಕೈಲಾಗದ ಮನುಷ್ಯ.”

ರಾಯರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಫೋನು. ಅಧ್ಯಕ್ಷರು ಟಿ.ವಿ. ನೋಡುತ್ತಿದ್ದರು, ಸಂತೋಷಕ್ಕೆ ಮಾತು ತೊದಲುತ್ತಿತ್ತು.

“ಭೇಷ್ ಕಣಯ್ಯ! ಒಂದಕ್ಷರ ಆಚೀಚೆ ಇಲ್ಲ! ಅವರ ಹೊಟ್ಟೆಯೊಳಗೆ ಹೊಕ್ಕು ನೋಡಿದ ಹಾಗೆ ಬರೆದಿದೀಯ. ಬಕೀಟನ್ನ ಮರೆತುಬಿಡು. ಇನ್ಮೇಲೆ ಇಡೀ ವಾರ್ಡಿನ ಖಂಡನೆ ನಿನ್ನ ಜವಾಬ್ದಾರಿ.”

“ಸಾರ್, ಆ ಅಭ್ಯರ್ಥಿ ಅಂದ್ರೆ...”

“ಅವಳದೇ ಹೇಳ್ತಿದೀನಿ. ಭರವಸೆಗೆ ಬೈದು ಇವತ್ತು ಮರ್ಯಾದೆ ಹೋಯ್ತು, ಅದನ್ನ ಮುಟ್ಟಬೇಡ. ಅವಳ ಗಂಡನನ್ನ ಹಿಡಿ. ಕೈಲಾಗದವನು ಅಂತ ಅವಳೇ ಹೇಳಿದಾಳೆ, ಕೇಳಿದೆ ತಾನೆ? ಸ್ವಂತ ಗಂಡನನ್ನ ದಾರಿಗೆ ತರಲಾರದವಳು ಊರನ್ನ ಏನು ತರ್ತಾಳೆ ಅಂತ ಜಾಡಿಸು. ಅವನು ಎಲ್ಲಿ ಕೆಲಸ ಮಾಡ್ತಾನೆ, ಎಂಥ ಸೋಮಾರಿ, ಮನೇಲಿ ಏನೇನು ಹಾಳು ಮಾಡಿದಾನೆ, ಎಲ್ಲ ಬೇಕು. ವಿವರ, ವಿವರ! ಬೆಳಿಗ್ಗೆಯೊಳಗೆ ಅವನ ಜಾತಕ ನನ್ನ ಮೇಜಿನ ಮೇಲಿರ್ಬೇಕು. ಇಲ್ದಿದ್ರೆ ಬಕೀಟು ನೆನಪಿದೆಯಲ್ಲ?”

ಸಭೆ ಮುಗಿಯಿತು. ಅತ್ತೆಯನ್ನು ಹೊತ್ತು ಇಳಿಸಿದ ಕಾರ್ಯಕರ್ತರು ಹತ್ತಿಸುವ ಹೊತ್ತಿಗೆ ಒಬ್ಬರೂ ಇರಲಿಲ್ಲ. ಕುರ್ಚಿಯ ಒಂದು ಕಡೆಗೆ ಊಟ ಸಿಗುವ ಆಸೆಯಿಂದ ಜೊತೆಗೆ ಬಂದ ಇಸ್ತ್ರಿಯವನೂ ಇನ್ನೊಂದು ಕಡೆಗೆ ರಾಯರೂ ಹೆಗಲು ಕೊಟ್ಟರು. “ನಿಧಾನ, ಅಳಿಯಂದಿರೇ,” ಎಂದು ಅತ್ತೆ ಪ್ರತಿ ತಿರುವಿನಲ್ಲೂ ಮೇಲಿನಿಂದ ಹೇಳುತ್ತಿದ್ದರು. “ಬೇಕಾದ್ರೆ ಒಂದು ಕ್ಯಾನ್ ನೀರೂ ಇಟ್ಕೊಂಡು ಬರಬಹುದಿತ್ತು.”

ಮನೆಯಲ್ಲಿ ಒಲೆ ತಣ್ಣಗಿತ್ತು. ಅಡುಗೆಮನೆ ಬಾಗಿಲಿಗೆ ಅಡ್ಡವಾಗಿ ಅಳತೆ ಟೇಪು ಕಟ್ಟಲಾಗಿತ್ತು. ಇಸ್ತ್ರಿಯವನು ಅದನ್ನು ನೋಡಿ ಬಂದ ಮೆಟ್ಟಿಲಲ್ಲೇ ಇಳಿದುಹೋದ.

ರಾಯರು ಬೆವರೊರೆಸಿಕೊಂಡು ಮೇಜಿನ ಮುಂದೆ ಕೂತರು. ಬಿಳಿ ಹಾಳೆ ತೆಗೆದರು. ‘ಈ ಅಭ್ಯರ್ಥಿಯ ಗಂಡ’ ಎಂದು ಬರೆದರು. ಪೆನ್ನು ಅಲ್ಲೇ ನಿಂತಿತು. ಎಷ್ಟು ಯೋಚಿಸಿದರೂ ಆ ಮನುಷ್ಯನ ಮೇಲೆ ಹೊರಿಸಲು ಒಂದು ತಪ್ಪೂ ಹೊಳೆಯಲಿಲ್ಲ. ಕೊನೆಗೆ ವಿಷಯವನ್ನೆಲ್ಲ ಹೆಂಡತಿಗೆ ತಿಳಿಸಿ, ತಗ್ಗಿದ ದನಿಯಲ್ಲಿ ಕೇಳಿದರು.

“ನನ್ನ ಬಗ್ಗೆ... ನಿನಗೇನಾದ್ರೂ ಹೇಳೋದಿದ್ಯಾ?”

ಅವಳು ಹೊಲಿಗೆ ಯಂತ್ರ ನಿಲ್ಲಿಸಿದಳು. ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತಳು. ಅವಳ ಮುಖದ ಮೇಲೆ ಎಂದೂ ಕಾಣದ ಕಾಂತಿಯಿತ್ತು.

“ಬರ್ಕೊಳ್ಳಿ,” ಎಂದಳು. “ಮೊದಲು ಸ್ನಾನದ ಕೋಣೆ ಚಿಲಕ.”

“ಗೊರಕೆ ಬಿಟ್ಟೀಯೆ ಮಗಳೇ,” ಎಂದರು ಅತ್ತೆ ಕಿಟಕಿಯಿಂದ.

ಪಕ್ಷದ ಇತಿಹಾಸದಲ್ಲೇ ಅಷ್ಟು ಬೇಗ, ಅಷ್ಟು ವಿವರವಾಗಿ, ಅಷ್ಟು ಸಾಕ್ಷಿ ಸಮೇತ ಖಂಡನೆಯೊಂದು ಸಿದ್ಧವಾದದ್ದು ಅದೇ ಮೊದಲು.